ಐರ್ಲೆಂಡಿನ ಬ್ಯಾರನಿಯೊಂದರ ಚರಿತ್ರೆ ಮತ್ತು ಭೂಗೋಳವನ್ನು ಅಧ್ಯಯನ ಮಾಡುವ ಕ್ರಮ: ಬರೆನ್ ಉದಾಹರಣೆಯಾಗಿ

ಐರ್ಲೆಂಡಿನ ಹಳೆಯ ನಕ್ಷೆ, ಜಮೀನು ಪತ್ರ, ಜನಗಣತಿ ನಮೂನೆ ಯಾವುದನ್ನು ತೆರೆದರೂ ಕೌಂಟಿಗೂ (ಜಿಲ್ಲೆ) ಪ್ಯಾರಿಷಿಗೂ (ಒಂದು ಚರ್ಚಿಗೆ ಸೇರಿದ ಪ್ರದೇಶ) ನಡುವೆ ‘ಬ್ಯಾರನಿ’ ಎಂಬ ವಿಭಾಗದ ಹೆಸರು ಎದುರಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ದ್ವೀಪದ 32 ಕೌಂಟಿಗಳಲ್ಲಿ ಇಂಥ ಸುಮಾರು 330 ಬ್ಯಾರನಿಗಳಿದ್ದವು. 1898ರ ಸ್ಥಳೀಯ ಆಡಳಿತ ಕಾಯಿದೆಯಿಂದ ಚುನಾಯಿತ ಕೌಂಟಿ ಕೌನ್ಸಿಲುಗಳು ಬಂದ ಮೇಲೆ ಅವುಗಳಿಗೆ ಆಡಳಿತದಲ್ಲಿ ಹೇಳಿಕೊಳ್ಳುವಂಥ ಕೆಲಸ ಉಳಿಯಲಿಲ್ಲ. ಆದರೆ ಅದಕ್ಕೆ ಹಿಂದಿನ ಮುನ್ನೂರು ವರ್ಷಗಳ ಭೂದಾಖಲೆಗಳು ಬಹುಮಟ್ಟಿಗೆ ಬ್ಯಾರನಿವಾರು ಜೋಡಣೆಗೊಂಡಿರುವುದರಿಂದ, ಐರ್ಲೆಂಡಿನ ಯಾವುದೇ ಊರಿನ, ಮನೆತನದ ಅಥವಾ ಜಮೀನಿನ ಹಿಂದಿನ ಕಥೆಯನ್ನು ಹುಡುಕಹೊರಟವರು ಬ್ಯಾರನಿಯನ್ನು ಬಿಟ್ಟು ಹೆಚ್ಚು ದೂರ ಹೋಗಲಾರರು.

ಒಂದು ಬ್ಯಾರನಿಯನ್ನು ಎಲ್ಲಿಂದ ಹಿಡಿದು ಹೇಗೆ ಅಧ್ಯಯನ ಮಾಡಬೇಕೆಂಬುದನ್ನು ಈ ಬರಹ ಹೇಳುತ್ತದೆ. ಉದಾಹರಣೆಗೆ ಕ್ಲೇರ್ ಕೌಂಟಿಯ ಉತ್ತರ ತುದಿಯಲ್ಲಿ ಗಾಲ್ವೇ ಕೊಲ್ಲಿಗೆ ಮುಖಮಾಡಿಕೊಂಡಿರುವ ಬರೆನ್ ಬ್ಯಾರನಿಯನ್ನು ಆರಿಸಿಕೊಂಡಿದ್ದೇನೆ. ಸುಣ್ಣಗಲ್ಲಿನ ಬಂಡೆಬಯಲಿಗಾಗಿ ಅದು ಪ್ರಸಿದ್ಧ. ಹೊಸಬರು ಎಡವುವ ತಾಣಗಳು ಬಹುತೇಕ ಎಲ್ಲವೂ ಅಲ್ಲಿ ಒಟ್ಟಿಗೇ ಸಿಗುತ್ತವೆ ಎಂಬುದು ಅದನ್ನು ಆರಿಸಿಕೊಂಡದ್ದಕ್ಕೆ ನಿಜವಾದ ಕಾರಣ.

ಕೆಳಗಿನಿಂದ ಆರಂಭಿಸಿ

ಐರ್ಲೆಂಡಿನ ಸಾಂಪ್ರದಾಯಿಕ ಭೂವಿಭಾಗಗಳು ಮೇಲಿನಿಂದ ಕೆಳಕ್ಕೆ ಹೀಗಿವೆ: ನಾಲ್ಕು ಪ್ರಾಂತ್ಯಗಳು, ಅವುಗಳೊಳಗೆ ಕೌಂಟಿಗಳು, ಕೌಂಟಿಯೊಳಗೆ ಬ್ಯಾರನಿಗಳು, ಅವುಗಳಲ್ಲಿ ಸುಮಾರು 2,500 ಸಿವಿಲ್ ಪ್ಯಾರಿಷುಗಳು (ಆಡಳಿತಕ್ಕೆ ಬಳಸಿದ ಪ್ಯಾರಿಷುಗಳು), ಎಲ್ಲಕ್ಕಿಂತ ಕೆಳಗೆ 60,000ಕ್ಕೂ ಮಿಕ್ಕ ಟೌನ್‌ಲ್ಯಾಂಡುಗಳು. ಹೆಸರಿನಲ್ಲಿ ಟೌನ್ ಎಂದಿದ್ದರೂ ಟೌನ್‌ಲ್ಯಾಂಡಿನಲ್ಲಿ ಊರು ಇರಲೇಬೇಕೆಂದಿಲ್ಲ. ಅದು ಹೆಸರು ಮತ್ತು ಗಡಿ ಪಡೆದ ಜಮೀನಿನ ತುಂಡು, ಅಷ್ಟೇ. ಈ ಏಣಿಯ ಮೆಟ್ಟಿಲುಗಳು ಒಂದರೊಳಗೊಂದು ನೀಟಾಗಿ ಕೂರುತ್ತವೆಂದು ನಂಬಬಾರದು. ಒಂದೇ ಪ್ಯಾರಿಷ್ ಎರಡು ಬ್ಯಾರನಿಗಳಲ್ಲಿ, ಕೆಲವೊಮ್ಮೆ ಎರಡು ಕೌಂಟಿಗಳಲ್ಲಿ ಹಂಚಿಹೋಗಿರುವುದು ಅಪರೂಪವಲ್ಲ.

ಬ್ಯಾರನಿಗೆ ತನ್ನದೇ ಆದ ಗಡಿಗೆರೆ ಎಂಬುದಿಲ್ಲ ಎಂಬ ಸಂಗತಿಯನ್ನು ಆರಂಭದಲ್ಲಿಯೇ ಮನಸ್ಸಿಗೆ ತಂದುಕೊಳ್ಳಬೇಕು. ಅದರ ಅಂಚಿನಲ್ಲಿರುವ ಟೌನ್‌ಲ್ಯಾಂಡುಗಳ ಹೊರಗೆರೆಗಳನ್ನು ಒಂದಕ್ಕೊಂದು ಸೇರಿಸಿದರೆ ಸಿಗುವ ರೇಖೆಯೇ ಬ್ಯಾರನಿಯ ಎಲ್ಲೆ. ಆದ್ದರಿಂದ ಅಧ್ಯಯನವನ್ನು ಬ್ಯಾರನಿಯ ಹೆಸರಿನಿಂದ ಆರಂಭಿಸಿ ಕೆಳಗಿಳಿಯುವುದಕ್ಕಿಂತ ಟೌನ್‌ಲ್ಯಾಂಡುಗಳಿಂದ ಆರಂಭಿಸಿ ಮೇಲಕ್ಕೆ ಕಟ್ಟುವುದು ಕ್ಷೇಮ. ಹೆಸರುಗಳು ಸ್ಥಳ ಬದಲಿಸುತ್ತವೆ, ಹಿಗ್ಗುತ್ತವೆ, ಕುಗ್ಗುತ್ತವೆ. ಅವುಗಳಿಗೆ ಹೋಲಿಸಿದರೆ ಟೌನ್‌ಲ್ಯಾಂಡಿನ ಗಡಿಗಳು ಬಹಳ ಗಟ್ಟಿ.

ಇದಕ್ಕೆ ಬೇಕಾದ ಮೊದಲ ಸಾಧನ 1851ರ ಜನಗಣತಿಯ ಆಧಾರದ ಮೇಲೆ ಸಿದ್ಧವಾಗಿ 1861ರಲ್ಲಿ ಪ್ರಕಟವಾದ ಟೌನ್‌ಲ್ಯಾಂಡುಗಳ ಅಕಾರಾದಿ ಸೂಚಿ. ಅದರ ಒಂದು ಸಾಲನ್ನು ನಿಧಾನವಾಗಿ ಓದುವ ಅಭ್ಯಾಸ ಮಾಡಿಕೊಳ್ಳಿ. ಆರ್ಡ್ನೆನ್ಸ್ ಸರ್ವೆ (ಸರ್ಕಾರಿ ನಕ್ಷೆ ಇಲಾಖೆ) ನಕ್ಷೆಯ ಹಾಳೆ ಸಂಖ್ಯೆ, ಟೌನ್‌ಲ್ಯಾಂಡಿನ ಹೆಸರು, ವಿಸ್ತೀರ್ಣ, ಕೌಂಟಿ, ಬ್ಯಾರನಿ, ಪ್ಯಾರಿಷ್, ಪೂರ್ ಲಾ ಯೂನಿಯನ್ (ಬಡವರ ಪರಿಹಾರಕ್ಕಾಗಿ ಮಾಡಿದ ವಿಭಾಗ) ಇವೆಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ವಿಸ್ತೀರ್ಣವನ್ನು ಮೂರು ಅಂಕಣಗಳಲ್ಲಿ ಎಕರೆ, ರೂಡ್, ಪರ್ಚ್ ಎಂದು ಕೊಟ್ಟಿರುತ್ತಾರೆ. 40 ಪರ್ಚಿಗೆ ಒಂದು ರೂಡ್, 4 ರೂಡಿಗೆ ಒಂದು ಎಕರೆ. ಇವುಗಳನ್ನು ದಶಮಾಂಶವೆಂದು ಭಾವಿಸಿ ಕೂಡಿದರೆ ಲೆಕ್ಕ ಕೆಡುತ್ತದೆ. ಬ್ಯಾರನಿ ಅಂಕಣದಲ್ಲಿ ಬರೆನ್ ಎಂದಿರುವ ಸಾಲುಗಳನ್ನೆಲ್ಲ ಬೇರೆ ತೆಗೆದು, ಅವುಗಳನ್ನು ಪ್ಯಾರಿಷ್‌ವಾರು ಗುಂಪು ಮಾಡಿದರೆ ಅಬ್ಬಿ, ಕ್ಯಾರನ್, ಡ್ರಮ್‌ಕ್ರೀಹಿ, ಗ್ಲೆನಿನಾ, ಕಿಲ್‌ಕಾರ್ನಿ, ಕಿಲ್ಲೀನಿ, ಕಿಲ್ಲೋನಹನ್, ಕಿಲ್‌ಮೂನ್, ನೌಹವಲ್, ಔಟ್‌ಮಾಮಾ, ರಾತ್‌ಬೋರ್ನಿ ಎಂಬ 11 ಪ್ಯಾರಿಷುಗಳು ಸಿಗುತ್ತವೆ. ಹೆಸರುಗಳ ಕಾಗುಣಿತ ದಾಖಲೆಯಿಂದ ದಾಖಲೆಗೆ ಬದಲಾಗುವುದರಿಂದ, ಐರ್ಲೆಂಡಿನ ಸ್ಥಳನಾಮಗಳ ಅಧಿಕೃತ ದತ್ತಸಂಚಯವಾದ ಲೋಗನಿಮ್ ಜಾಲತಾಣದಲ್ಲಿ ಪ್ರತಿ ಹೆಸರಿನ ಐರಿಷ್ ರೂಪವನ್ನೂ ಹಳೆಯ ಬರವಣಿಗೆಗಳನ್ನೂ ನೋಡಿಕೊಂಡು ಪಟ್ಟಿಯಲ್ಲಿ ಪಕ್ಕಕ್ಕೆ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಈಗ ನಕ್ಷೆ. ಆರ್ಡ್ನೆನ್ಸ್ ಸರ್ವೆಯ ಮೊದಲ ಆವೃತ್ತಿಯ ಹಾಳೆಗಳು ಒಂದು ಮೈಲಿಗೆ ಆರು ಅಂಗುಲದ ಅಳತೆಯವು. 1824ರಲ್ಲಿ ಕರ್ನಲ್ ಥಾಮಸ್ ಕೋಲ್ಬಿಯ ನೇತೃತ್ವದಲ್ಲಿ ಆರಂಭವಾದ ಈ ಕೆಲಸ 1846ರ ಹೊತ್ತಿಗೆ ಇಡೀ ದ್ವೀಪವನ್ನು ಮುಗಿಸಿತು. ಕೌಂಟಿ, ಬ್ಯಾರನಿ, ಪ್ಯಾರಿಷ್, ಟೌನ್‌ಲ್ಯಾಂಡ್ ಗಡಿಗಳಿಗೆ ಚುಕ್ಕೆ ಮತ್ತು ಗೀಟುಗಳ ಬೇರೆ ಬೇರೆ ಗುರುತುಗಳಿರುವುದರಿಂದ, ಪಟ್ಟಿಯಲ್ಲಿರುವ ಅಂಚಿನ ಟೌನ್‌ಲ್ಯಾಂಡುಗಳನ್ನು ಒಂದೊಂದಾಗಿ ಹುಡುಕಿ ಬಣ್ಣ ಹಚ್ಚಿದರೆ ಬ್ಯಾರನಿಯ ಆಕಾರ ತಾನಾಗಿ ಮೂಡುತ್ತದೆ. ಬರೆನ್ ವಿಷಯದಲ್ಲಿ ಉತ್ತರಕ್ಕೆ ಗಾಲ್ವೇ ಕೊಲ್ಲಿ, ಪಶ್ಚಿಮಕ್ಕೆ ಅಟ್ಲಾಂಟಿಕ್, ನೈರುತ್ಯಕ್ಕೆ ಕಾರ್ಕಮ್ರೋ ಬ್ಯಾರನಿ, ದಕ್ಷಿಣ ಮತ್ತು ಆಗ್ನೇಯಕ್ಕೆ ಇಂಚಿಕ್ವಿನ್ ಬ್ಯಾರನಿ, ಪೂರ್ವಕ್ಕೆ ಗಾಲ್ವೇ ಕೌಂಟಿಯ ಕಿಲ್ಟಾರ್ಟನ್ ಬ್ಯಾರನಿ ಇವೆ.

ಒಂದೇ ಹೆಸರು, ಬೇರೆ ಬೇರೆ ನೆಲ

ನಕ್ಷೆ ಸಿದ್ಧವಾದ ಮೇಲೆ ಹೆಸರಿನ ಮೋಸಗಳನ್ನು ಬಿಡಿಸಿಕೊಳ್ಳಬೇಕು. ಬರೆನ್ ಎಂದು ಪ್ರವಾಸಿಗರೂ ಭೂವಿಜ್ಞಾನಿಗಳೂ ಕರೆಯುವುದು ಸುಣ್ಣಗಲ್ಲಿನ ಒಂದು ಭೂದೃಶ್ಯವನ್ನು. ಅದು ಬ್ಯಾರನಿಯ ಎಲ್ಲೆಯನ್ನು ದಾಟಿ ಇಂಚಿಕ್ವಿನ್ ಕಡೆಗೂ ಗಾಲ್ವೇ ಕೌಂಟಿಯ ಕಡೆಗೂ ಹರಡಿಕೊಂಡಿದೆ. ಹೆಸರಿನಲ್ಲಿ ಬರೆನ್ ಇರುವ ರಾಷ್ಟ್ರೀಯ ಉದ್ಯಾನದ ಮುಲ್ಲಾಮೋರ್ ಬೆಟ್ಟ ಇಂಚಿಕ್ವಿನ್ ಕಡೆಯದು. ಅದಕ್ಕೆ ಪ್ರತಿಯಾಗಿ, ಬ್ಯಾರನಿಯ ಪಶ್ಚಿಮ ಭಾಗದಲ್ಲಿರುವ ಸ್ಲೀವ್ ಎಲ್ವಾ ಬೆಟ್ಟದ ನೆತ್ತಿಯ ಮೇಲೆ ಸುಣ್ಣಗಲ್ಲಲ್ಲ, ಶೇಲ್ ಶಿಲೆಯ ಹೊದಿಕೆಯಿದೆ. ಭೂದೃಶ್ಯದ ಬಗ್ಗೆ ಬರೆದ ಮಾತನ್ನು ಬ್ಯಾರನಿಗೆ ಅನ್ವಯಿಸುವ ಮುನ್ನ ಅದು ಯಾವ ಟೌನ್‌ಲ್ಯಾಂಡಿನ ಮಾತು ಎಂದು ಕೇಳಿಕೊಳ್ಳುವುದು ಕಡ್ಡಾಯ.

ಇದಕ್ಕಿಂತ ಕುತೂಹಲಕರವಾದುದು ಕಾರ್ಕಮ್ರೋ ಮಠದ ಪ್ರಸಂಗ. 1200ರ ಸುಮಾರಿಗೆ ಓಬ್ರಯನ್ ಅರಸುಮನೆತನದ ಆಶ್ರಯದಲ್ಲಿ ಎದ್ದ ಈ ಸಿಸ್ಟರ್ಶಿಯನ್ ಮಠವನ್ನು ಹೆಸರು ನಂಬಿಕೊಂಡು ಕಾರ್ಕಮ್ರೋ ಬ್ಯಾರನಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು ಬರೆನ್ ಬ್ಯಾರನಿಯ ಅಬ್ಬಿ ಪ್ಯಾರಿಷಿನಲ್ಲಿ. ಇದು ಯಾರೋ ಗುಮಾಸ್ತನ ತಪ್ಪಲ್ಲ, ಬ್ಯಾರನಿ ಹುಟ್ಟುವ ಮುಂಚಿನ ಚರಿತ್ರೆಗೆ ಉಳಿದಿರುವ ಸಾಕ್ಷಿ. ಇಂಥ ಹೊಂದಿಕೆಯಿಲ್ಲದ ಹೆಸರು ಕಂಡಾಗ ಅದನ್ನು ತಿದ್ದಿ ಮುಂದೆ ಹೋಗಬಾರದು, ಅಲ್ಲಿಯೇ ನಿಂತು ಅಗೆಯಬೇಕು.

ಪ್ಯಾರಿಷಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಭೂದಾಖಲೆಗಳಲ್ಲಿ ಬರುವುದು ಸಿವಿಲ್ ಪ್ಯಾರಿಷ್; ಇಂದಿನ ಕ್ಯಾಥೊಲಿಕ್ ಪ್ಯಾರಿಷಿನ ಎಲ್ಲೆಗಳು ಬೇರೆ, ಹಲವು ಕಡೆ ಹೆಸರುಗಳೂ ಬೇರೆ. ಬ್ಯಾಪ್ಟಿಸಮ್ ಪುಸ್ತಕದಲ್ಲಿ ಕಂಡ ಪ್ಯಾರಿಷಿನ ಹೆಸರನ್ನು ನೇರವಾಗಿ ಬ್ಯಾರನಿಯ ಪಟ್ಟಿಯಲ್ಲಿ ಹುಡುಕಬಾರದು.

ಬ್ಯಾರನಿಗೆ ಮುಂಚಿನ ಪದರ

ಬ್ಯಾರನಿ ಎಂಬ ಹೆಸರು ನಾರ್ಮನ್ನರ ಮೂಲಕ ಬಂದದ್ದು. ಆದರೆ ಅದು ಗುರುತಿಸುವ ನೆಲದ ತುಂಡು ಅನೇಕ ಕಡೆ ಅವರಿಗಿಂತ ಹಳೆಯದು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಟ್ಯೂಡರ್ ಆಡಳಿತ ಪಶ್ಚಿಮ ಐರ್ಲೆಂಡಿನಲ್ಲಿ ಕೌಂಟಿಗಳನ್ನು ರಚಿಸಿದಾಗ, ಅಲ್ಲಿ ಆಗಲೇ ಇದ್ದ ಗೇಲಿಕ್ (ಮೂಲ ಐರಿಷ್) ಒಡೆತನಗಳನ್ನು ಹಾಗೆಯೇ ಎತ್ತಿಕೊಂಡು ಬ್ಯಾರನಿ ಎಂದು ಕರೆಯುವುದು ಅದಕ್ಕೆ ಅನುಕೂಲವಾಗಿತ್ತು. ಥಾಮಂಡ್ ಎಂಬ ಓಬ್ರಯನ್ ರಾಜ್ಯ 1570ರ ಸುಮಾರಿಗೆ ಕ್ಲೇರ್ ಕೌಂಟಿಯಾಯಿತು. ಇಲ್ಲಿ ಗೇಲಿಕ್ ವ್ಯವಸ್ಥೆ ಅಷ್ಟು ಕಾಲ ಉಳಿದದ್ದಕ್ಕೆ ಒಂದು ಯುದ್ಧವೂ ಕಾರಣ. 1318ರ ಮೇ 10ರಂದು ಡೈಸರ್ಟ್ ಓಡೇ ಎಂಬಲ್ಲಿ ನಾರ್ಮನ್ ಒಡೆಯ ರಿಚರ್ಡ್ ಡಿ ಕ್ಲೇರ್ ಹತನಾದ ಮೇಲೆ ಥಾಮಂಡಿನಲ್ಲಿ ನಾರ್ಮನ್ನರ ಹಿಡಿತ ಬಹುಕಾಲ ಮರಳಲಿಲ್ಲ.

ಆದ್ದರಿಂದ ನಿಮ್ಮ ಬ್ಯಾರನಿ ಯಾವ ಮನೆತನದ ಒಡೆತನವಾಗಿತ್ತು ಎಂಬುದು ಮುಂದಿನ ಪ್ರಶ್ನೆ. ಬರೆನ್ ಓಲಾಕ್ಲಿನ್‌ರದು, ಪಕ್ಕದ ಕಾರ್ಕಮ್ರೋ ಓಕಾನರ್‌ರದು. ಈ ಎರಡೂ ಮನೆತನಗಳು ಕಾರ್ಕೊ ಮೊಡ್ರುವಡ್ ಎಂಬ ಒಂದೇ ಹಳೆಯ ಕುಲದಿಂದ ಒಡೆದು ಬಂದವು. ಕುಲದ ಹೆಸರು ಒಂದು ಕಾಲದಲ್ಲಿ ಎರಡೂ ಬ್ಯಾರನಿಗಳ ನೆಲಕ್ಕೆ ಸಲ್ಲುತ್ತಿತ್ತು. ಒಡೆದ ಮೇಲೆ ದಕ್ಷಿಣದ ತುಂಡಿಗೆ ಮಾತ್ರ ಉಳಿಯಿತು. ಉತ್ತರದ ಬರೆನ್‌ನಲ್ಲಿರುವ ಮಠ ಕಾರ್ಕಮ್ರೋ ಹೆಸರನ್ನು ಹೊತ್ತಿರುವುದಕ್ಕೆ ಉತ್ತರ ಇಲ್ಲಿದೆ.

ಇಂಥ ಊಹೆಯನ್ನು ಪರೀಕ್ಷಿಸಲು ಚರ್ಚಿನ ಭೂಗೋಳ ಒಳ್ಳೆಯ ಒರೆಗಲ್ಲು. ಹನ್ನೆರಡನೆಯ ಶತಮಾನದಲ್ಲಿ ಐರ್ಲೆಂಡಿನ ಬಿಷಪ್ ಪ್ರಾಂತಗಳನ್ನು ಕಟ್ಟುವಾಗ ಆಗಿನ ರಾಜಕೀಯ ಎಲ್ಲೆಗಳನ್ನೇ ಬಹುಮಟ್ಟಿಗೆ ಅನುಸರಿಸಿದ್ದರು, ಮತ್ತು ಒಮ್ಮೆ ಕಟ್ಟಿದ ಮೇಲೆ ಚರ್ಚಿನ ಎಲ್ಲೆಗಳು ಅಷ್ಟು ಸುಲಭವಾಗಿ ಕದಲಲಿಲ್ಲ. 1152ರ ಕೆಲ್ಸ್ ಧರ್ಮಸಭೆಯಲ್ಲಿ ಮಾನ್ಯತೆ ಪಡೆದ ಕಿಲ್‌ಫೆನೋರಾ ಎಂಬ ಪುಟ್ಟ ಡಯಾಸಿಸ್ಸನ್ನು ನಿಮ್ಮ ನಕ್ಷೆಯ ಮೇಲೆ ಇರಿಸಿದರೆ, ಅದು ಬರೆನ್ ಮತ್ತು ಕಾರ್ಕಮ್ರೋ ಎರಡೂ ಬ್ಯಾರನಿಗಳನ್ನು ಬಹುತೇಕ ಸರಿಯಾಗಿ ಮುಚ್ಚುತ್ತದೆ. ಹೀಗೆ ಎರಡು ಬೇರೆ ಬೇರೆ ವ್ಯವಸ್ಥೆಗಳ ಗೆರೆಗಳು ಒಂದರ ಮೇಲೊಂದು ಬಿದ್ದರೆ, ಅವೆರಡಕ್ಕೂ ಹಿಂದೆ ಮೂರನೆಯ, ಇನ್ನೂ ಹಳೆಯ ಎಲ್ಲೆಯೊಂದು ಇತ್ತೆಂದು ತಕ್ಕಮಟ್ಟಿನ ಧೈರ್ಯದಿಂದ ಹೇಳಬಹುದು.

ಇದೇ ಹಂತದಲ್ಲಿ 1585ರ ಕಾನಾಟ್ ಒಪ್ಪಂದದ ಪತ್ರಗಳನ್ನೂ ನೋಡಬೇಕು. ಕ್ಲೇರ್ ಆಗ ಕಾನಾಟ್ ಪ್ರಾಂತ್ಯದೊಂದಿಗೆ ಸೇರಿತ್ತು. ಇಂದು ಮನ್‌ಸ್ಟರ್‌ನಲ್ಲಿದೆಯೆಂದು ಮನ್‌ಸ್ಟರ್ ದಾಖಲೆಗಳಲ್ಲಿ ಮಾತ್ರ ಹುಡುಕುತ್ತ ಕೂತರೆ ಇವು ಕೈತಪ್ಪುತ್ತವೆ. ಆ ಪತ್ರಗಳಲ್ಲಿ ಜಮೀನನ್ನು ‘ಕ್ವಾರ್ಟರ್’ ಎಂಬ ಗೇಲಿಕ್ ಮೂಲದ ಏಕಮಾನದಲ್ಲಿ ಎಣಿಸಿ, ಅದರ ಮೇಲೆ ಇಂಗ್ಲೆಂಡಿನ ರಾಣಿಗೆ ಸಲ್ಲಬೇಕಾದ ಬಾಡಿಗೆಯನ್ನು ನಿಗದಿ ಮಾಡಿದ್ದಾರೆ. ಬರೆನ್‌ನ ಕಹರ್‌ಮ್ಯಾಕ್‌ನಾಟನ್ ಕಲ್ಲುಕೋಟೆಯಲ್ಲಿ ಅದೇ ಶತಮಾನದಲ್ಲಿ ಓಡಾವರೆನ್ ಮನೆತನದವರು ಗೇಲಿಕ್ ಕಾನೂನಿನ ಪಾಠಶಾಲೆ ನಡೆಸುತ್ತಿದ್ದರು ಎಂಬುದನ್ನು ನೆನೆದರೆ, ಎರಡು ಕಾನೂನು ಪದ್ಧತಿಗಳು ಒಂದೇ ನೆಲದ ಮೇಲೆ ಏಕಕಾಲಕ್ಕೆ ನಡೆಯುತ್ತಿದ್ದ ಚಿತ್ರ ಸಿಗುತ್ತದೆ.

ಹದಿನೇಳನೆಯ ಶತಮಾನ: ಅಳತೆ ಮತ್ತು ಕಸಿದುಕೊಳ್ಳುವಿಕೆ

ಬ್ಯಾರನಿಯ ಅಧ್ಯಯನದಲ್ಲಿ ಅತ್ಯಂತ ಸಮೃದ್ಧವಾದ ದಾಖಲೆಗಳು ಈ ಶತಮಾನದವು. 1641ರ ದಂಗೆ, ಇಂಗ್ಲಿಷ್ ಸೇನಾನಾಯಕ ಕ್ರಾಮ್‌ವೆಲ್‌ನ ದಂಡಯಾತ್ರೆ, 1652ರ ಸೆಟಲ್‌ಮೆಂಟ್ ಕಾಯಿದೆಗಳ ನಂತರ ದೊಡ್ಡ ಪ್ರಮಾಣದ ಭೂಮಿ ಕೈಬದಲಾಯಿತು. ಕಸಿದುಕೊಳ್ಳಲು ಮೊದಲು ಯಾರ ಬಳಿ ಎಷ್ಟಿದೆಯೆಂದು ತಿಳಿಯಬೇಕಷ್ಟೆ. ಅದಕ್ಕಾಗಿ 1654ರಿಂದ ಸಿವಿಲ್ ಸರ್ವೆಯೂ, 1656ರಿಂದ ವಿಲಿಯಂ ಪೆಟ್ಟಿಯ ಡೌನ್ ಸರ್ವೆಯೂ ನಡೆದವು. ಎರಡೂ ಬ್ಯಾರನಿವಾರು ನಡೆದವೆಂಬುದು ನಮ್ಮ ಅದೃಷ್ಟ. ಸಿವಿಲ್ ಸರ್ವೆಯಲ್ಲಿ ಸ್ಥಳೀಯರನ್ನು ಪ್ರಮಾಣ ಮಾಡಿಸಿ ಬ್ಯಾರನಿಯ ಎಲ್ಲೆಯನ್ನು ತೊರೆ, ಬಂಡೆ, ದಾರಿಗಳ ಹೆಸರು ಹಿಡಿದು ಹೇಳಿಸಿದ್ದಾರೆ. ಡೌನ್ ಸರ್ವೆಯಲ್ಲಿ ಬ್ಯಾರನಿಗೊಂದು ನಕ್ಷೆಯಿದೆ.

ಆದರೆ ಎಲ್ಲ ಕೌಂಟಿಗೂ ಎಲ್ಲ ದಾಖಲೆಯೂ ಇಲ್ಲ. ಕ್ಲೇರ್ ಮತ್ತು ಕಾನಾಟಿನ ಕೆಲವು ಕೌಂಟಿಗಳನ್ನು 1630ರ ದಶಕದಲ್ಲಿ ಇಂಗ್ಲಿಷ್ ರಾಜಪ್ರತಿನಿಧಿ ಸ್ಟ್ರಾಫರ್ಡ್‌ನ ಆಡಳಿತ ಆಗಲೇ ಅಳೆಸಿದ್ದರಿಂದ, ಮತ್ತೆ ಅಳೆಯದೆ ಆ ಲೆಕ್ಕವನ್ನೇ ಬಳಸಿಕೊಳ್ಳಲಾಯಿತು. ಹಾಗಾಗಿ ಬರೆನ್‌ಗೆ ಆಸರೆಯಾಗುವುದು ಸರ್ವೆ ಮತ್ತು ಹಂಚಿಕೆಯ ಪುಸ್ತಕಗಳು. ಬ್ಯಾರನಿ, ಪ್ಯಾರಿಷ್ ಎಂದು ವಿಂಗಡಿಸಿದ ಇವುಗಳಲ್ಲಿ ಒಂದು ಕಡೆ 1641ರಲ್ಲಿದ್ದ ಒಡೆಯನ ಹೆಸರು, ಇನ್ನೊಂದು ಕಡೆ ಹಂಚಿಕೆಯ ನಂತರದ ಒಡೆಯನ ಹೆಸರು, ನಡುವೆ ಎಕರೆಗಳ ಲೆಕ್ಕ. ಎಡದಿಂದ ಬಲಕ್ಕೆ ಒಂದು ಸಾಲು ಓದಿದರೆ ಒಂದು ಮನೆತನ ನೆಲ ಕಳೆದುಕೊಂಡದ್ದು ಕಣ್ಣೆದುರಿಗೆ ಬರುತ್ತದೆ.

ಇಲ್ಲಿಯ ಎಕರೆಯನ್ನು ಇಂದಿನ ಎಕರೆಯೆಂದು ಓದಬಾರದು. ಐರಿಷ್ ಎಕರೆ 7,840 ಚದರ ಗಜ, ಶಾಸನಬದ್ಧ ಎಕರೆ 4,840 ಚದರ ಗಜ. ಅಂದರೆ ಮೊದಲನೆಯದು ಎರಡನೆಯದರ ಸುಮಾರು 1.62 ಪಟ್ಟು. ಪುಸ್ತಕದಲ್ಲಿ 100 ಎಕರೆ ಎಂದಿದ್ದರೆ ಅದನ್ನು 162 ಎಕರೆಯೆಂದು, ಅಂದರೆ ಸರಿಸುಮಾರು 65 ಹೆಕ್ಟೇರ್ ಎಂದು ಪರಿವರ್ತಿಸಿಕೊಂಡ ಮೇಲೆಯೇ ಹತ್ತೊಂಬತ್ತನೆಯ ಶತಮಾನದ ಅಂಕಿಗಳೊಂದಿಗೆ ಹೋಲಿಸಬೇಕು. ಪರಿವರ್ತಿಸಿದ ಮೇಲೂ ಲೆಕ್ಕ ಕೂಡಿಬರದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಲೆಕ್ಕ ಕೂಡಿಬರದಿರುವುದಕ್ಕೆ ಒಂದು ಕಾರಣ ಆ ಪುಸ್ತಕಗಳು ನೆಲವನ್ನು ‘ಲಾಭಕರ’ ಮತ್ತು ‘ಲಾಭವಿಲ್ಲದ’ ಎಂದು ಎರಡಾಗಿ ಒಡೆಯುವುದು. ಬಂಡೆ, ಜೌಗು, ಬೆಟ್ಟಗಳು ಎರಡನೆಯ ಅಂಕಣಕ್ಕೆ ಹೋಗುತ್ತಿದ್ದವು. ಇದನ್ನು ಭೂಗೋಳದ ವರದಿಯೆಂದು ಓದುವವರು ಬರೆನ್ ಬರಡು ನೆಲವೆಂದು ತೀರ್ಮಾನಿಸಿಬಿಡುತ್ತಾರೆ. 1651ರಲ್ಲಿ ಬರೆನ್ ಬ್ಯಾರನಿಯನ್ನು ಹೊಕ್ಕ ಕ್ರಾಮ್‌ವೆಲ್ ಪಕ್ಷದ ದಂಡನಾಯಕ ಎಡ್ಮಂಡ್ ಲಡ್ಲೊ, ಅಲ್ಲಿ ಮನುಷ್ಯನನ್ನು ಮುಳುಗಿಸುವಷ್ಟು ನೀರಾಗಲಿ, ನೇಣು ಹಾಕುವಷ್ಟು ಮರವಾಗಲಿ, ಹೂಳುವಷ್ಟು ಮಣ್ಣಾಗಲಿ ಇಲ್ಲವೆಂಬ ಮಾತನ್ನು ದಾಖಲಿಸಿದ್ದು ಎಲ್ಲ ಕೈಪಿಡಿಗಳಲ್ಲಿಯೂ ಸಿಗುತ್ತದೆ. ಅದರ ಮುಂದುವರಿಕೆಯನ್ನು ಮಾತ್ರ ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಆದರೂ ಅಲ್ಲಿಯ ದನಗಳು ಚೆನ್ನಾಗಿ ಕೊಬ್ಬಿವೆ, ಬಂಡೆಗಳ ನಡುವೆ ಬೆಳೆಯುವ ಹುಲ್ಲು ಸಿಹಿಯೂ ಪುಷ್ಟಿಕರವೂ ಆಗಿದೆ ಎಂದು ಅವನೇ ಹೇಳಿದ್ದಾನೆ. ಬರೆನ್ ರೈತರು ಇಂದಿಗೂ ಬೇಸಿಗೆಯ ಬದಲು ಚಳಿಗಾಲದಲ್ಲಿ ದನಗಳನ್ನು ಬೆಟ್ಟದ ಮೇಲಿನ ಸುಣ್ಣಗಲ್ಲಿನ ಹುಲ್ಲುಗಾವಲಿಗೆ ಹೊಡೆಯುತ್ತಾರೆ; ಮಳೆನೀರು ಬಿರುಕುಗಳಲ್ಲಿ ಇಳಿದುಹೋಗಿ ನೆಲ ಒಣಗಿರುತ್ತದೆ, ಹುಲ್ಲು ಮೇವಾಗಿ ಉಳಿದಿರುತ್ತದೆ. ಲಾಭವಿಲ್ಲದ್ದೆಂದು ಸರ್ವೆಯವರು ಬರೆದದ್ದು ಕಂದಾಯದ ತೀರ್ಪು, ಮಣ್ಣಿನ ಸ್ವಭಾವವಲ್ಲ. ನಿಮ್ಮ ಬ್ಯಾರನಿ ಯಾವುದೇ ಆಗಿರಲಿ, ಆ ಅಂಕಣವನ್ನು ಅಲ್ಲಿಯ ಬೇಸಾಯದ ಜೊತೆಗಿಟ್ಟು ಓದಬೇಕು.

ಜನರ ಹೆಸರುಗಳಿಗಾಗಿ 1659ರ ಜನಗಣತಿಯೆಂದು ರೂಢಿಯಲ್ಲಿರುವ ತಲೆಗಂದಾಯದ ಲೆಕ್ಕವನ್ನು ನೋಡಿ. ಬ್ಯಾರನಿಯ ಕೊನೆಯಲ್ಲಿ ಅಲ್ಲಿಯ ಪ್ರಮುಖ ಐರಿಷ್ ಮನೆತನದ ಹೆಸರುಗಳನ್ನು ಸಂಖ್ಯೆಯೊಂದಿಗೆ ಕೊಟ್ಟಿರುವ ಅಪರೂಪದ ದಾಖಲೆ ಅದು. ಆದರೆ ತೆರಿಗೆಗೆ ಒಳಪಟ್ಟ ವಯಸ್ಕರ ಲೆಕ್ಕವಾದ್ದರಿಂದ ಒಟ್ಟು ಜನಸಂಖ್ಯೆಯೆಂದು ಹಿಡಿಯುವಂತಿಲ್ಲ.

ಹತ್ತೊಂಬತ್ತನೆಯ ಶತಮಾನದ ದಾಖಲೆಗಳು

ಆರ್ಡ್ನೆನ್ಸ್ ಸರ್ವೆಯವರು ಅಳೆಯುವ ಮುಂಚೆ ಗಡಿಗಳನ್ನು ಗುರುತಿಸುವ ಪ್ರತ್ಯೇಕ ಇಲಾಖೆಯೊಂದು 1825ರಿಂದ ರಿಚರ್ಡ್ ಗ್ರಿಫಿತ್ ನೇತೃತ್ವದಲ್ಲಿ ಕೆಲಸ ಮಾಡಿತು. ಗಡಿ ಬಲ್ಲ ಸ್ಥಳೀಯರು, ಮಿಯರ್ಸ್‌ಮನ್ ಎನಿಸಿಕೊಂಡವರು, ಮುಂದೆ ನಡೆದು ತೋರಿಸಿದ್ದನ್ನು ಅವರು ಬರೆದುಕೊಂಡರು. ನಕ್ಷೆಯ ಮೇಲಿನ ಗೆರೆಯ ಹಿಂದೆ ಹೀಗೆ ಊರವರ ನೆನಪಿದೆ. ಹೆಸರುಗಳ ಹೊಣೆ ಐರಿಷ್ ಭಾಷಾ ವಿದ್ವಾಂಸ ಜಾನ್ ಓಡಾನವನ್‌ನದು. ಅವನೂ ಯೂಜೀನ್ ಓಕರಿಯೂ 1839ರಲ್ಲಿ ಕ್ಲೇರ್ ಸುತ್ತಿ ಬರೆದ ಪತ್ರಗಳಲ್ಲಿ ಪ್ಯಾರಿಷ್‌ವಾರು ಪಾಳು ಚರ್ಚು, ಕೋಟೆ, ಮನೆತನಗಳ ವಿವರಗಳಿವೆ.

ಬರೆನ್‌ನಂಥ ಸುಣ್ಣಗಲ್ಲಿನ ನಾಡಿನಲ್ಲಿ ನೀರಿನ ಗುರುತುಗಳನ್ನು ಸಂಶಯದಿಂದಲೇ ನೋಡಬೇಕು. ನೆಲದ ಮೇಲೆಯೇ ಹರಿದು ಕಡಲು ಸೇರುವ ಹೊಳೆ ಅಲ್ಲಿ ಫನೋರ್ ಬಳಿಯ ಕ್ಯಾಹರ್ ಒಂದೇ ಎನ್ನಬಹುದು. ಉಳಿದ ನೀರು ನೆಲದೊಳಗೆ ಮಾಯವಾಗುತ್ತದೆ. ಟರ್ಲಾಕ್ ಎಂಬ ಕೆರೆಗಳು ಮಳೆಗಾಲದಲ್ಲಿ ತುಂಬಿ ಒಣಗಾಲದಲ್ಲಿ ಹುಲ್ಲುಗಾವಲಾಗುತ್ತವೆ. ಒಂದು ನಕ್ಷೆಯಲ್ಲಿ ಕೆರೆಯಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಭೂಗೋಳ ಬದಲಾಯಿತೆಂದು ಬರೆಯುವ ಮುನ್ನ ಅಳತೆ ಯಾವ ತಿಂಗಳಲ್ಲಿ ನಡೆಯಿತೆಂದು ವಿಚಾರಿಸಿ.

ಇದರ ಮೇಲೆ 1823ರಿಂದ 1837ರವರೆಗಿನ ಟೈದ್ (ಚರ್ಚಿಗೆ ಸಲ್ಲುವ ತೆರಿಗೆ) ಪುಸ್ತಕಗಳನ್ನೂ, ಕ್ಲೇರ್‌ಗೆ 1855ರಲ್ಲಿ ಪ್ರಕಟವಾದ ಗ್ರಿಫಿತ್ ಮೌಲ್ಯಮಾಪನವನ್ನೂ (ತೆರಿಗೆಗಾಗಿ ಜಮೀನು, ಮನೆಗಳಿಗೆ ಬೆಲೆ ಕಟ್ಟಿದ ಪಟ್ಟಿ) ಹೊಂದಿಸಿದರೆ ಟೌನ್‌ಲ್ಯಾಂಡಿನ ಒಕ್ಕಲುಗಳು ಹೆಸರು ಸಮೇತ ಸಿಗುತ್ತಾರೆ. ಈ ಎರಡರ ನಡುವೆ ಮಹಾಕ್ಷಾಮ ಕಳೆದುಹೋಗಿದೆ. 1841ರಲ್ಲಿ ಕ್ಲೇರ್ ಕೌಂಟಿಯ ಜನಸಂಖ್ಯೆ ಸುಮಾರು 2,86,000. 1851ರಲ್ಲಿ ಸುಮಾರು 2,12,000. 1851ರ ಜನಗಣತಿಯ ಪ್ರಕಟಿತ ಕೋಷ್ಟಕಗಳು ಪ್ರತಿ ಟೌನ್‌ಲ್ಯಾಂಡಿಗೂ ಎರಡೂ ವರ್ಷಗಳ ಮನೆ ಮತ್ತು ಜನರ ಸಂಖ್ಯೆಯನ್ನು ಅಕ್ಕಪಕ್ಕ ಕೊಡುತ್ತವೆ. ಕೌಂಟಿಯ ಸರಾಸರಿ ಕಾಣಿಸದ ಸಂಗತಿ ಅಲ್ಲಿ ಕಾಣುತ್ತದೆ. ಬ್ಯಾರನಿಯ ಯಾವ ಮೂಲೆ ಖಾಲಿಯಾಯಿತು, ಯಾವುದು ಉಳಿಯಿತು ಎಂಬುದನ್ನು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋಗಬಹುದು.

ಬ್ಯಾರನಿ ಆಗ ಮಾಡುತ್ತಿದ್ದ ಕೆಲಸವೇನೆಂಬುದು ಗ್ರ್ಯಾಂಡ್ ಜ್ಯೂರಿಯ (ಆಗ ಕೌಂಟಿಯ ಆಡಳಿತ ನೋಡಿಕೊಳ್ಳುತ್ತಿದ್ದ ಭೂಮಾಲೀಕರ ಮಂಡಳಿ) ಕಾಗದಗಳಿಂದ ತಿಳಿಯುತ್ತದೆ. ರಸ್ತೆ, ಸೇತುವೆಗಳ ಪ್ರಸ್ತಾವಗಳು ಬ್ಯಾರನಿ ಮಟ್ಟದ ಸಭೆಗಳಲ್ಲಿ ಮಂಡನೆಯಾಗುತ್ತಿದ್ದವು, ವೆಚ್ಚಕ್ಕಾಗಿ ಸೆಸ್ ಬ್ಯಾರನಿಯ ಮೇಲೆ ಬೀಳುತ್ತಿತ್ತು. 1883ರ ಟ್ರಾಮ್‌ವೇ ಕಾಯಿದೆಯ ಪ್ರಕಾರ ರೈಲು ಕಂಪನಿಯ ಷೇರುದಾರರ ಲಾಭಾಂಶಕ್ಕೆ ಬ್ಯಾರನಿಗಳು ಜಾಮೀನು ನಿಲ್ಲಬಹುದಾಗಿತ್ತು. 1887ರಲ್ಲಿ ಓಡತೊಡಗಿದ ವೆಸ್ಟ್ ಕ್ಲೇರ್ ರೈಲು ಹಾಗೆ ಬಂದದ್ದೇ. ಎಲ್ಲೆ ಎಂಬುದು ಕಾಗದದ ಮೇಲಿನ ಗೆರೆಯಾಗಿರದೆ, ಯಾರ ಜೇಬಿನಿಂದ ಹಣ ಹೋಗಬೇಕೆಂದು ನಿರ್ಧರಿಸುತ್ತಿತ್ತು.

ಇಲ್ಲದ ದಾಖಲೆ, ಇರುವ ಬಳಕೆ

1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟುಹೋದಾಗ 1821ರಿಂದ 1851ರವರೆಗಿನ ಜನಗಣತಿಯ ಮನೆವಾರು ಹಾಳೆಗಳು ಬಹುಪಾಲು ನಾಶವಾದವು. 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೆ ಮುಂಚೆ ನಾಶಪಡಿಸಿತ್ತು. 1922ಕ್ಕೆ ಮುಂಚಿನ ಜನಗಣತಿಗಳಲ್ಲಿ ಮನೆವಾರು ವಿವರ ಪೂರ್ತಿಯಾಗಿ ಸಿಗುವುದು 1901 ಮತ್ತು 1911ರದು ಮಾತ್ರ. ಅವುಗಳ ಸೂಚಿ ಬ್ಯಾರನಿವಾರು ಇಲ್ಲ, ಚುನಾವಣಾ ವಿಭಾಗವಾರು ಇದೆ. ಆದರೆ ಮನೆ ಮತ್ತು ಕಟ್ಟಡಗಳ ನಮೂನೆಯ ತಲೆಯಲ್ಲಿ ಬ್ಯಾರನಿಯ ಹೆಸರನ್ನು ಬರೆದಿರುತ್ತಾರೆ. ಸುಟ್ಟುಹೋದವುಗಳ ಪ್ರತಿಗಳನ್ನು ಬೇರೆ ಬೇರೆ ಸಂಗ್ರಹಗಳಿಂದ ಕೂಡಿಹಾಕಿದ ವರ್ಚುವಲ್ ರೆಕಾರ್ಡ್ ಟ್ರೆಶರಿ 2022ರಿಂದ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. 1708ರಿಂದ ನಡೆದುಬಂದ ರಿಜಿಸ್ಟ್ರಿ ಆಫ್ ಡೀಡ್ಸ್ ಎಂಬ ಪತ್ರ ನೋಂದಣಿ ಕಚೇರಿಯ ಜಮೀನು ಸೂಚಿ 1828ರಿಂದ ಈಚೆಗೆ ಬ್ಯಾರನಿವಾರು ಇರುವುದರಿಂದ, ಬ್ಯಾರನಿ ತಿಳಿಯದೆ ಅಲ್ಲಿ ಕಾಲಿಡುವುದು ವ್ಯರ್ಥ ಶ್ರಮ.

ಟಿಪ್ಪಣಿ ಬರೆಯುವಾಗ ಸ್ಥಳವನ್ನು ಯಾವಾಗಲೂ ಟೌನ್‌ಲ್ಯಾಂಡ್, ಸಿವಿಲ್ ಪ್ಯಾರಿಷ್, ಬ್ಯಾರನಿ, ಕೌಂಟಿ ಎಂಬ ಕ್ರಮದಲ್ಲಿ ಪೂರ್ತಿಯಾಗಿ ಬರೆದುಕೊಳ್ಳಿ. ಒಂದೇ ಹೆಸರಿನ ಟೌನ್‌ಲ್ಯಾಂಡುಗಳು ಒಂದೇ ಕೌಂಟಿಯಲ್ಲಿ ಹಲವು ಇರುತ್ತವೆ, ಅವುಗಳನ್ನು ಬೇರ್ಪಡಿಸುವುದು ಹೆಚ್ಚಾಗಿ ಬ್ಯಾರನಿಯ ಹೆಸರೇ. ಐರ್ಲೆಂಡಿನ ಭೂನೋಂದಣಿಯ ದಾಖಲೆಗಳಲ್ಲಿ ಜಮೀನನ್ನು ಗುರುತಿಸುವಾಗ ಬ್ಯಾರನಿಯನ್ನು ಇಂದಿಗೂ ನಮೂದಿಸುವುದು ಇದೇ ಕಾರಣಕ್ಕೆ.